ಹೊರಗೆ ಹೊಸದು, ಒಳಗೆ ಬೋಳು: ಕಾರಿನ ಟೈರು ಒಂದೇ ಕಡೆ ಸವೆಯುವುದೇಕೆ?

ಕಳೆದ ಮುಂಗಾರಿನಲ್ಲಿ ಒಂದು ಬೆಳಗಿನ ಜಾವ, ಕಾರಿನ ಹಿಂದಿನ ಸೀಟು ಮಡಚಿ ಎಂಟು ಕ್ರೇಟು ಟೊಮೆಟೊ ಹಾಕಿಕೊಂಡು ಮುಳಬಾಗಿಲು ಕಡೆಯಿಂದ ಕೋಲಾರದ ಮಾರುಕಟ್ಟೆಗೆ ಹೊರಟಿದ್ದೆ. ಪಿಕಪ್ ಬಾಡಿಗೆ ಉಳಿಸುವ ಆಸೆ, ಇನ್ನೇನಿಲ್ಲ. ಹೆದ್ದಾರಿಯಲ್ಲಿ ಸಣ್ಣ ಮಳೆ. ಮುಂದಿದ್ದ ಲಾರಿ ಬ್ರೇಕ್ ಹಾಕಿತು, ನಾನೂ ಹಾಕಿದೆ. ಕಾರು ನಿಲ್ಲಲಿಲ್ಲ. ನೀರಿನ ಮೇಲೆ ಹಲಗೆ ಜಾರಿದ ಹಾಗೆ ಎಡಕ್ಕೆ ಜಾರುತ್ತಾ ಹೋಗಿ ರಸ್ತೆ ಪಕ್ಕದ ಮಣ್ಣಿಗೆ ಇಳಿದು ನಿಂತಿತು. ಪಕ್ಕದಲ್ಲಿ ಕೂತಿದ್ದ ಮಗ ಎರಡು ನಿಮಿಷ ಮಾತೇ ಆಡಲಿಲ್ಲ. ಮೂರು ಕ್ರೇಟು ಟೊಮೆಟೊ ಕಾರಿನೊಳಗೇ ಸಾರಾಗಿತ್ತು.

ಟೈರು ಚೆನ್ನಾಗಿಯೇ ಇದೆ ಅನ್ನೋದು ನನ್ನ ನಂಬಿಕೆ. ವಾರಕ್ಕೊಮ್ಮೆ ಕಾರು ತೊಳೆಯುವಾಗ ನೋಡುತ್ತಿದ್ದೆ, ಗೆರೆಗಳು ಆಳವಾಗಿಯೇ ಕಾಣುತ್ತಿದ್ದವು. ಪಂಕ್ಚರ್ ಅಂಗಡಿಯ ಹಿರಿಯರು ಮಾತಾಡದೆ ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ನನ್ನ ಕೈ ಹಿಡಿದು ಟೈರಿನ ಒಳಬದಿಗೆ ಇಟ್ಟರು. ಅಂಗೈಯಷ್ಟು ನುಣುಪು! ಹೊರಗಿನ ಅರ್ಧ ಹೊಸದು, ಒಳಗಿನ ಅರ್ಧ ಬೋಳು. "ನೀವು ನೋಡೋದು ಹೊರಗಡೆ, ಸವೆಯೋದು ಒಳಗಡೆ" ಅಂದರು. ಆವತ್ತಿನಿಂದ ನಾನು ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಬಹಳ ಮಂದಿ ಕಾರನ್ನು ಅರ್ಧ ಗಾಡಿಯ ಹಾಗೆ ಬಳಸುತ್ತೇವೆ. ಗೊಬ್ಬರದ ಚೀಲ, ಪಶು ಆಹಾರ, ಹಾಲಿನ ಕ್ಯಾನು ಎಲ್ಲ ಅದರಲ್ಲೇ. ಆದರೆ ನೋಡಿಕೊಳ್ಳುವುದು ಮಾತ್ರ ಪೇಟೆಯವರ ಕಾರಿನಷ್ಟೂ ಇಲ್ಲ.

ಟೈರು ಹೇಗೆ ಸವೆದಿದೆ ಅಂತ ನೋಡಿದರೆ ಕಾಯಿಲೆ ಯಾವುದು ಅಂತ ಹೇಳಬಹುದು, ಎಲೆಯ ಮೇಲಿನ ಚುಕ್ಕೆ ನೋಡಿ ರೋಗ ಹೇಳಿದ ಹಾಗೆ. ಎರಡೂ ಅಂಚು ಸವೆದು ಮಧ್ಯ ಉಳಿದಿದ್ದರೆ ಗಾಳಿ ಕಡಿಮೆ, ಇಲ್ಲವೇ ಗಾಳಿಗೆ ಮೀರಿದ ಭಾರ. ಮಧ್ಯ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಟೈರಿನ ಸುತ್ತ ಅಲ್ಲಲ್ಲಿ ಗುಳಿ ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿರಬಹುದು, ಅಥವಾ ಚಕ್ರದ ಬ್ಯಾಲೆನ್ಸಿಂಗ್ ತಪ್ಪಿರಬಹುದು.

ಒಂದೇ ಅಂಚು ಸವೆಯುವುದು ನಮ್ಮ ಹಳ್ಳಿ ರಸ್ತೆಗಳ ಕಾಯಿಲೆ. ಮುಂದಿನ ಎರಡು ಚಕ್ರಗಳು ಹೆಚ್ಚುಕಮ್ಮಿ ಸಮಾನಾಂತರವಾಗಿ ಓಡಬೇಕು. ಗುಂಡಿಗೆ ಬಿದ್ದು, ಬದುವಿನ ಕಲ್ಲಿಗೆ ತಾಗಿ ಟೈ ರಾಡ್ ಸ್ವಲ್ಪ ಬಾಗಿದರೂ ಸಾಕು, ಚಕ್ರ ಒಂದು ದಿಕ್ಕಿಗೆ ಮುಖ ಮಾಡಿ ಇನ್ನೊಂದು ದಿಕ್ಕಿಗೆ ಓಡುತ್ತದೆ. ಆಗ ಟೈರು ಉರುಳುವುದರ ಜೊತೆಗೆ ರಸ್ತೆಗೆ ಉಜ್ಜಿಕೊಂಡೂ ಹೋಗುತ್ತದೆ. ನೇಗಿಲ ಗುಳ ಸಾಲಿಗೆ ನೇರ ಇರದಿದ್ದರೆ ಒಂದೇ ಪಕ್ಕ ತೇಯುತ್ತದಲ್ಲ, ಹಾಗೇ. ಚಕ್ರಗಳ ಮುಂಭಾಗ ಹೊರಕ್ಕೆ ತೆರೆದುಕೊಂಡಿದ್ದರೆ ಒಳ ಅಂಚು ಸವೆಯುತ್ತದೆ, ಒಳಕ್ಕೆ ಮುಚ್ಚಿಕೊಂಡಿದ್ದರೆ ಹೊರ ಅಂಚು. ಇದಕ್ಕೆ ಟೋ ಅಂತಾರೆ. ಚಕ್ರದ ತಲೆ ಒಳಕ್ಕೆ ವಾಲಿದ್ದರೂ ಒಳ ಅಂಚೇ ಹೋಗುತ್ತದೆ, ಅದು ಕ್ಯಾಂಬರ್. ಅಂಗೈಯನ್ನು ಟೈರಿನ ಅಡ್ಡಕ್ಕೆ ಒಮ್ಮೆ ಒಳಗಿನಿಂದ ಹೊರಕ್ಕೆ, ಇನ್ನೊಮ್ಮೆ ಹೊರಗಿನಿಂದ ಒಳಕ್ಕೆ ಸವರಿ ನೋಡಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಟೋ ತಪ್ಪಿದೆ ಅಂತಲೇ ಲೆಕ್ಕ. ಇದಕ್ಕೆ ಮೆಕ್ಯಾನಿಕ್ ಬೇಡ. ತಂತಿ ಹೊರಬಂದಿದ್ದರೆ ಮಾತ್ರ ಕೈ ಜೋಪಾನ.

ಇನ್ನು ಟೈರು ಅದಲು ಬದಲು ಮಾಡುವ ವಿಚಾರ, ಅಂದರೆ ರೊಟೇಷನ್. ಕಾರಿನಲ್ಲಿ ಏನೂ ದೋಷ ಇಲ್ಲದಿದ್ದರೂ ನಾಲ್ಕು ಟೈರು ಒಂದೇ ಸಮ ಸವೆಯೋದಿಲ್ಲ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳಿಗೆ ಎಂಜಿನ್ ಮುಂದೆ, ಎಳೆಯುವ ಚಕ್ರವೂ ಮುಂದಿನದೇ. ತಿರುಗಿಸುವುದೂ ಅವೇ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬೀಳುವುದರಿಂದ ನಿಲ್ಲಿಸುವ ಕೆಲಸದ ದೊಡ್ಡ ಪಾಲೂ ಅವುಗಳದೇ. ಹಿಂದಿನವು ಸುಮ್ಮನೆ ಹಿಂಬಾಲಿಸುತ್ತವೆ. ಜೋಡೆತ್ತಿನಲ್ಲಿ ಒಂದೇ ಎತ್ತಿಗೆ ದಿನಾ ಭಾರ ಹಾಕಿದ ಹಾಗೆ. ಅದಕ್ಕೇ ಸುಮಾರು 8ರಿಂದ 10 ಸಾವಿರ ಕಿಲೋಮೀಟರಿಗೆ ಒಮ್ಮೆ ಜಾಗ ಬದಲಿಸಬೇಕು. ನಿಮ್ಮ ಕಾರಿನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ.

ಮುಂದಿನ ಚಕ್ರ ಎಳೆಯುವ ಕಾರಾದರೆ ಮುಂದಿನ ಎರಡೂ ನೇರ ಹಿಂದಕ್ಕೆ ಹೋಗಲಿ. ಹಿಂದಿನವು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ದಾಟಿ ಮುಂದಕ್ಕೆ ಬರಲಿ. ಹಿಂದಿನ ಚಕ್ರ ತಳ್ಳುವ ಜೀಪು, ಪಿಕಪ್ ಆದರೆ ಇದರ ಉಲ್ಟಾ: ಹಿಂದಿನವು ನೇರ ಮುಂದಕ್ಕೆ, ಮುಂದಿನವು ಅಡ್ಡ ದಾಟಿ ಹಿಂದಕ್ಕೆ. ಆದರೆ ಪಿಕಪ್‌ನಲ್ಲಿ ಮುಂದೆ ಹಿಂದೆ ಟೈರಿನ ಅಳತೆ ಒಂದೇ ಇದೆಯೇ ಅಂತ ಮೊದಲು ಓದಿ ನೋಡಿ. ಪಕ್ಕದಲ್ಲಿ ಬಾಣದ ಗುರುತು ಇರುವ ಟೈರನ್ನು ಅಡ್ಡ ದಾಟಿಸಬಾರದು, ಅದೇ ಬದಿಯಲ್ಲಿ ಹಿಂದು ಮುಂದು ಮಾಡಬೇಕು ಅಷ್ಟೇ. ಸ್ಟೆಪ್ನಿಯೂ ಅದೇ ಅಳತೆಯದಾದರೆ ಅದನ್ನೂ ಸರದಿಗೆ ಸೇರಿಸಿ. ಈಗಿನ ಎಷ್ಟೋ ಕಾರುಗಳಿಗೆ ಕಿರಿದಾದ ಸ್ಟೆಪ್ನಿ ಕೊಡುತ್ತಾರೆ, ಅದು ಸರದಿಗೆ ಬರುವುದಿಲ್ಲ.

ಬದಲಿಸಿದ ಮೇಲೆ ಎರಡು ಕೆಲಸ ಮರೆಯಬೇಡಿ. ಮುಂದೆ ಹಿಂದೆ ಗಾಳಿಯ ಅಂಕಿ ಬೇರೆ ಇರುವ ಕಾರಾದರೆ ಮತ್ತೆ ಸರಿಮಾಡಿಸಿ. ಸುಮಾರು ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿ. ಗಾಳಿಯ ಅಂಕಿ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಇರುತ್ತದೆ. ಭಾರ ಹಾಕಿದಾಗ ಎಷ್ಟು ಅಂತ ಅದರಲ್ಲೇ ಬೇರೆ ಅಂಕಿ ಇರುತ್ತದೆ, ನಾನಂತೂ ನಾಲ್ಕು ವರ್ಷ ಅದನ್ನು ಓದೇ ಇರಲಿಲ್ಲ. ಟೈರು ತಣ್ಣಗಿರುವಾಗ, ಅಂದರೆ ಹೊರಡುವ ಮುಂಚೆ ಅಳೆಯಬೇಕು. ಓಡಿ ಬಿಸಿಯಾದ ಟೈರು ಹೆಚ್ಚು ತೋರಿಸುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಲೈನ್‌ಮೆಂಟ್ ತಪ್ಪಿದ ಕಾರಿಗೆ ರೊಟೇಷನ್ ಮಾಡಿಸಿದರೆ ರೋಗ ವಾಸಿಯಾಗುವುದಿಲ್ಲ, ನಾಲ್ಕು ಟೈರಿಗೂ ಹಂಚಿಹೋಗುತ್ತದೆ. ನನ್ನದು ಆಗಿದ್ದೂ ಹೀಗೇ. ಹಿಂದಿನ ವರ್ಷ ಒಂದು ಕಡೆ ಟೈರು ಬದಲಿಸಿಕೊಟ್ಟಿದ್ದರು, ಏಕೆ ಸವೆದಿದೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ನಾಲ್ಕೂ ಒಟ್ಟಿಗೆ ಕೊಳ್ಳಬೇಕಾಯಿತು, ಎರಡು ಹಸುಗಳ ಒಂದು ತಿಂಗಳ ಡೈರಿ ಬಟವಾಡೆ ಅಲ್ಲಿಗೇ ಹೋಯಿತು. ಮೊದಲು ಕಾರಣ ಹುಡುಕಿ, ಆಮೇಲೆ ಜಾಗ ಬದಲಿಸಿ.

ಕಾನೂನಿನ ಪ್ರಕಾರ ಕಾರಿನ ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಆಗಬಾರದು. ಅಳೆಯಲು ಪಟ್ಟಿ ಬೇಡ. ಟೈರಿನ ಪಕ್ಕ ಸಣ್ಣ ತ್ರಿಕೋನ ಅಥವಾ ಟಿಡಬ್ಲ್ಯುಐ ಅನ್ನುವ ಗುರುತು ಇರುತ್ತದೆ. ಅದರ ನೇರಕ್ಕೆ ಗೆರೆಯ ತಳದಲ್ಲಿ ರಬ್ಬರಿನ ಪುಟ್ಟ ದಿಬ್ಬ ಇದೆ. ಟೈರು ಸವೆದು ಆ ದಿಬ್ಬಕ್ಕೆ ಸಮ ಆಯಿತೆಂದರೆ ಟೈರು ಮುಗಿಯಿತು. ಗೆರೆ ಇರುವುದೇ ನೀರು ಹೊರಕ್ಕೆ ಹಾಕಲು, ಹೊಲದ ಬಸಿಗಾಲುವೆ ಇದ್ದ ಹಾಗೆ. ಅದು ಮುಚ್ಚಿಹೋದರೆ ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಮಳೆಗಾಲದಲ್ಲಿ ದಿಬ್ಬದವರೆಗೂ ಕಾಯುವುದು ನನಗಂತೂ ಸರಿ ಕಾಣುವುದಿಲ್ಲ.

ದುಡ್ಡಿಲ್ಲದೆ ಎರಡೇ ಹೊಸ ಟೈರು ಕೊಳ್ಳುವುದಾದರೆ ಹಿಂದಕ್ಕೆ ಹಾಕಿಸಿ. ಹೊಸದು ಮುಂದಕ್ಕೇ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ, ನಾನೂ ವಾದ ಮಾಡಿದ್ದೆ. ಮುಂದಿನದು ಜಾರಿದರೆ ಕಾಲು ಸಡಿಲಿಸಿ ಸ್ವಲ್ಪವಾದರೂ ಹತೋಟಿಗೆ ತರಬಹುದು. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ, ಆಮೇಲೆ ಮಾಡೋಕೆ ಏನೂ ಇರೋದಿಲ್ಲ.

ಟ್ರ್ಯಾಕ್ಟರಿನ ಬಗ್ಗೆ ಒಂದೆರಡು ಮಾತು, ಯಾಕೆಂದರೆ ಓದುಗರು ಕೇಳಿಯೇ ಕೇಳುತ್ತೀರಿ. ದೊಡ್ಡ ಟೈರಿನ ಓರೆ ಗಟ್ಟಿಗಳಿಗೆ ದಿಕ್ಕು ಇದೆ, ಹಾಗಾಗಿ ಎಡ ಬಲ ಬದಲಿಸಬೇಕಾದರೆ ಟೈರನ್ನು ಡಿಸ್ಕಿನಿಂದ ಬಿಚ್ಚಿ ತಿರುಗಿಸಿ ಹಾಕಬೇಕು. ಉಳುಮೆಗೆ ಮಾಡಿದ ಟೈರು ಡಾಂಬರಿನ ಮೇಲೆ ಬೇಗ ತೇಯುತ್ತದೆ. ಫೋರ್ ವೀಲ್ ಟ್ರ್ಯಾಕ್ಟರ್ ಇದ್ದವರು ಇದನ್ನು ಗಮನಿಸಿ: ಅದರ ಮುಂದಿನ ಚಕ್ರಗಳನ್ನು ಹಿಂದಿನವಕ್ಕಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಓಡುವಂತೆ ಮಾಡಿರುತ್ತಾರೆ. ಮೆತ್ತನೆ ಮಣ್ಣಿನಲ್ಲಿ ಅದು ಎಳೆತಕ್ಕೆ ಒಳ್ಳೆಯದು. ಗಟ್ಟಿ ರಸ್ತೆಯಲ್ಲಿ ಆ ವ್ಯತ್ಯಾಸ ಪೂರ್ತಿ ಟೈರಿನ ಮೇಲೆಯೇ ಬೀಳುತ್ತದೆ. ಟ್ರೈಲರ್ ಕಟ್ಟಿ ಪೇಟೆಗೆ ಹೊರಟಾಗ, ಹೊಲದ ಗೇಟು ದಾಟಿದ ಕೂಡಲೇ ಆ ಲಿವರ್ ಬಿಡಿಸಿ.