ಸುಹೈಬ್: ಹೆಸರು ಅಪರೂಪ, ಚರಿತ್ರೆ ದೊಡ್ಡದು

ನಮ್ಮಲ್ಲಿ ಶುಐಬ್ ಬೇಕಾದಷ್ಟು ಮಂದಿ, ಸುಹೈಬ್ ಮಾತ್ರ ಕಡಿಮೆ. "ಎರಡೂ ಒಂದೇ ಅಲ್ವಾ?" ಎಂದು ಕೇಳುವವರಿದ್ದಾರೆ. ಅಲ್ಲ. ಶುಐಬ್ (ಅ) ಪ್ರವಾದಿ, ಸುಹೈಬ್ (ರ) ಸಹಾಬಿ. ಕೆಂಚುಗೂದಲಿನವ ಎಂಬರ್ಥದ 'ಅಸ್‌ಹಬ್' ಪದದ ಅಕ್ಕರೆಯ ರೂಪವಿದು. ಬಾಲ್ಯದಲ್ಲೇ ಸೆರೆಯಾಗಿ ರೋಮನ್ನರ ನಡುವೆ ಬೆಳೆದುದರಿಂದ ಅವರು 'ರೂಮಿ' ಎನಿಸಿದರು.

ಹಿಜ್‌ರಾಕ್ಕೆ ಹೊರಟಾಗ ಖುರೈಶರು ತಡೆದರು. ಗಳಿಸಿದ್ದನ್ನೆಲ್ಲ ಅವರಿಗೇ ಬಿಟ್ಟುಕೊಟ್ಟು ಮದೀನಾ ಸೇರಿದರು. ಕ್ರಿ.ಶ. 644ರಲ್ಲಿ ಖಲೀಫಾ ಉಮರ್ (ರ) ಇರಿತಕ್ಕೊಳಗಾದಾಗ, ಮುಂದಿನ ಖಲೀಫಾರ ಆಯ್ಕೆಯಾಗುವ ತನಕ ನಮಾಝಿಗೆ ಇಮಾಮರಾದದ್ದೂ ಇವರೇ.

ಮಗುವಿಗೆ ಈ ಹೆಸರಿಡುವುದಾದರೆ ಒಂದು ಮಾತು: ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಎಲ್ಲದರಲ್ಲೂ ಒಂದೇ ಕಾಗುಣಿತ ಇರಲಿ. ಒಂದರಲ್ಲಿ ಸುಹೈಬ್, ಇನ್ನೊಂದರಲ್ಲಿ ಶುಐಬ್ ಅಂತಾದರೆ ನಾಳೆ ಪಾಸ್‌ಪೋರ್ಟ್ ಮಾಡಿಸುವಾಗ ಅಲೆಯಬೇಕಾದವನು ಅವನೇ.