ಕನ್ವರ್ಶನ್ ಕಿಟ್ಟೋ, ಬೇರೆಯದೇ .22 ಪಿಸ್ತೂಲೋ?

ಅಮೆರಿಕದಲ್ಲಿ ಮೊದಲ ಪಿಸ್ತೂಲು ಕೊಳ್ಳುವವರು ಸಾಮಾನ್ಯವಾಗಿ 9 ಮಿ.ಮೀ.ನದನ್ನೇ ಆರಿಸುತ್ತಾರೆ: ಗ್ಲಾಕ್ 19, ಸಿಗ್ ಪಿ320, ಸಿಝಡ್ 75, ಹೀಗೆ. ನಾಲ್ಕಾರು ಸಲ ಶೂಟಿಂಗ್ ರೇಂಜಿಗೆ ಹೋಗಿ ಬಂದ ಮೇಲೆ ಖರ್ಚಿನ ಲೆಕ್ಕ ಕಣ್ಣಿಗೆ ಬೀಳುತ್ತದೆ. 9 ಮಿ.ಮೀ. ತೋಟಾ ಒಂದಕ್ಕೆ ಸುಮಾರು 25 ಸೆಂಟ್, .22 ಲಾಂಗ್ ರೈಫಲ್ ತೋಟಾ ಒಂದಕ್ಕೆ 8 ಸೆಂಟ್ ಆಸುಪಾಸು ಎಂದಿಟ್ಟುಕೊಳ್ಳಿ. ಒಂದು ಸಂಜೆ 200 ಗುಂಡು ಹಾರಿಸಿದರೆ ಮೊದಲನೆಯದಕ್ಕೆ 50 ಡಾಲರ್, ಎರಡನೆಯದಕ್ಕೆ 16. ಕೈ ಪಳಗಲು ಸಾವಿರಾರು ಗುಂಡು ಬೇಕಾಗುವುದರಿಂದ .22 ಕಡೆಗೆ ಮನಸ್ಸು ಹೊರಳುವುದು ಸಹಜ.

ಅಲ್ಲಿಗೆ ಹೋಗಲು ದಾರಿ ಎರಡು. ಇರುವ ಪಿಸ್ತೂಲಿನ ಮೇಲ್ಭಾಗವನ್ನು, ಅಂದರೆ ಸ್ಲೈಡ್, ಬ್ಯಾರೆಲ್, ಸ್ಪ್ರಿಂಗುಗಳನ್ನು, ತೆಗೆದಿಟ್ಟು .22ರ ಮೇಲ್ಭಾಗವನ್ನೂ ಮ್ಯಾಗಜೀನನ್ನೂ ಕೂರಿಸುವ ಕನ್ವರ್ಶನ್ ಕಿಟ್ ಒಂದು. ಹುಟ್ಟಿನಿಂದಲೇ .22 ಆಗಿರುವ ಬೇರೆಯ ಪಿಸ್ತೂಲು ಇನ್ನೊಂದು. ಬೆಲೆಯಲ್ಲಿ ಅಂಥ ಅಂತರವಿಲ್ಲ; ಎರಡೂ ಮುನ್ನೂರು ಡಾಲರಿನ ಆಚೀಚೆ ಶುರುವಾಗಿ ಮೇಲಕ್ಕೆ ಹೋಗುತ್ತವೆ. 350 ಡಾಲರಿನ ಕಿಟ್ ಕೊಂಡರೆ ಮೇಲಿನ ಲೆಕ್ಕದಲ್ಲಿ ಸುಮಾರು 2,000 ಗುಂಡಿಗೆ ಹಾಕಿದ ಹಣ ಮರಳುತ್ತದೆ, ಪಿಸ್ತೂಲಿಗೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಹಣವನ್ನು ಪಕ್ಕಕ್ಕಿಟ್ಟು ಯಂತ್ರದ ಒಳಗೆ ಏನಾಗುತ್ತದೆ ಎಂದು ನೋಡುವುದು ಒಳ್ಳೆಯದು.

ಮಲೆನಾಡಿನವರಿಗೆ ಕೇಪಿನ ಕೋವಿ, ತೋಟಾ ಕೋವಿ ಎರಡೂ ಗೊತ್ತು. 9 ಮಿ.ಮೀ. ತೋಟಾದ ತಳದ ನಡುವೆ ಪುಟ್ಟದೊಂದು ಕೇಪು ಇರುತ್ತದೆ; ಇದು ಸೆಂಟರ್‌ಫೈರ್ ಬಗೆ. ಫೈರಿಂಗ್ ಪಿನ್ ಅದಕ್ಕೆ ಬಡಿದಾಗ ಕಿಡಿ ಹುಟ್ಟಿ ಮದ್ದು ಹೊತ್ತಿಕೊಳ್ಳುತ್ತದೆ. .22 ರಿಮ್‌ಫೈರ್ ಬಗೆಯದು; ಅದರಲ್ಲಿ ಬೇರೆ ಕೇಪಿಲ್ಲ. ತಳದ ಸುತ್ತ ಚಾಚಿಕೊಂಡಿರುವ ಟೊಳ್ಳು ಅಂಚಿನೊಳಗೇ ಸಿಡಿಮದ್ದಿನ ತೆಳು ಪದರವಿರುತ್ತದೆ; ಪಿನ್ ಆ ಅಂಚನ್ನು ಜಜ್ಜಬೇಕು. 1857ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ತನ್ನ ಮೊದಲ ರಿವಾಲ್ವರಿನೊಡನೆ ತಂದ .22 ಶಾರ್ಟ್ ಈ ಬಗೆಯದು. ಇಂದಿನ .22 ಲಾಂಗ್ ರೈಫಲ್ 1887ರ ಸುಮಾರಿಗೆ ಬಂತು. ತಯಾರಿಕೆ ಸರಳ, ಹಾಗಾಗಿ ಅಗ್ಗ. ಆದರೆ ಅಂಚಿನ ಸುತ್ತ ಸಿಡಿಮದ್ದು ಎಲ್ಲೆಡೆ ಸಮನಾಗಿ ಹರಡದಿದ್ದರೆ ಪಿನ್ ಬಡಿದರೂ ತೋಟಾ ಹಾರುವುದಿಲ್ಲ. ಅದೇ ತೋಟಾವನ್ನು ಸ್ವಲ್ಪ ತಿರುಗಿಸಿ ಮತ್ತೆ ಹಾಕಿದರೆ ಹಾರುವುದೂ ಉಂಟು. ಈ ದೋಷ ಕಿಟ್ಟಿನದೂ ಅಲ್ಲ, ಪಿಸ್ತೂಲಿನದೂ ಅಲ್ಲ; .22ಕ್ಕೆ ಕೈಹಾಕಿದವರೆಲ್ಲ ಒಪ್ಪಿಕೊಳ್ಳಬೇಕಾದದ್ದು.

ಕಿಟ್ಟಿನ ಕಷ್ಟ ಶುರುವಾಗುವುದು ಇದರ ನಂತರ. .22 ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ 2.6 ಗ್ರಾಂ. 9 ಮಿ.ಮೀ. ಗುಂಡು 115 ಗ್ರೇನಿನದಾದರೆ ಏಳೂವರೆ ಗ್ರಾಂ. ವೇಗ ಹೆಚ್ಚು ಕಡಿಮೆ ಒಂದೇ ಮಟ್ಟದ್ದು. ಹೀಗಾಗಿ .22 ಹಿಂದಕ್ಕೆ ಕೊಡುವ ಒದೆತ 9 ಮಿ.ಮೀ.ನದರ ಮೂರನೇ ಒಂದು ಭಾಗವನ್ನೂ ಮುಟ್ಟುವುದು ಕಷ್ಟ. ಗ್ಲಾಕಿನ ಉಕ್ಕಿನ ಸ್ಲೈಡನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಖಾಲಿ ಕೋಶವನ್ನು ಹೊರಗೆಸೆದು, ಹೊಸ ತೋಟಾವನ್ನು ಎತ್ತಿಕೊಳ್ಳುವಷ್ಟು ಬಲ ಅದರಲ್ಲಿಲ್ಲ. ಆದ್ದರಿಂದ ಗ್ಲಾಕಿಗೆ ಬರುವ ಅಡ್ವಾಂಟೇಜ್ ಆರ್ಮ್ಸ್ ಕಿಟ್ಟಿನಂಥವುಗಳಲ್ಲಿ ಸ್ಲೈಡು ಹಗುರವಾದ ಅಲ್ಯೂಮಿನಿಯಂನದು. ಬ್ಯಾರೆಲ್ಲನ್ನು ಸ್ಲೈಡಿಗೆ ಬಿಗಿಹಿಡಿಯುವ ಬೀಗವೂ ಇರುವುದಿಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ತಡೆಯಷ್ಟೇ ಸಾಕು. ಈ ಹಗುರ ಸ್ಲೈಡು ಸರಿಯಾಗಿ ಕೆಲಸ ಮಾಡುವ ಮಿತಿ ತೀರ ಕಿರಿದು. ಕಡಿಮೆ ವೇಗದ ತೋಟಾ ಹಾಕಿದರೆ ಅರ್ಧ ದಾರಿಗೇ ನಿಲ್ಲುತ್ತದೆ. ಮಸಿ ಕಟ್ಟಿದರೂ ಹಾಗೇ. ಹೆಚ್ಚಿನ ಕಿಟ್ ತಯಾರಕರು ಹೈ ವೆಲಾಸಿಟಿ ತೋಟಾ ಬಳಸಿ ಎಂದು ಹೇಳುವುದಕ್ಕೆ ಕಾರಣ ಇದೇ.

ಈ ಸಮಸ್ಯೆಯನ್ನು ಕೋಲ್ಟ್ ಕಂಪನಿ 1930ರ ದಶಕದಲ್ಲೇ ಎದುರಿಸಿತ್ತು. ಅಮೆರಿಕದ ಸೈನ್ಯದ ಕೈಯಲ್ಲಿದ್ದದ್ದು .45ರ 1911 ಪಿಸ್ತೂಲು. ಅಗ್ಗದ ತೋಟಾದಲ್ಲಿ ಅದರ ಅಭ್ಯಾಸ ಮಾಡಿಸಬೇಕಿತ್ತು. 1931ರಲ್ಲಿ ಬಂದ ಕೋಲ್ಟ್ ಏಸ್ ಹಗುರ ಸ್ಲೈಡಿನ ಸಾದಾ .22. ಆಮೇಲೆ ಡೇವಿಡ್ ಮಾರ್ಶಲ್ ವಿಲಿಯಮ್ಸ್ ಎಂಬವನ ಬುದ್ಧಿ ಬಂದು ಸೇರಿತು. ಉತ್ತರ ಕೆರೊಲಿನಾದ ಜೈಲಿನಲ್ಲಿ ಶಿಕ್ಷೆ ಅನುಭವಿಸುತ್ತಲೇ ಬಂದೂಕಿನ ಯಂತ್ರಗಳನ್ನು ರೂಪಿಸಿದವನು ಅವನು. ತೋಟಾ ಕೂರುವ ಕೊಠಡಿಯನ್ನೇ ಬ್ಯಾರೆಲ್ಲಿನಿಂದ ಬಿಡಿಸಿ, ಸ್ವಲ್ಪ ಹಿಂದಕ್ಕೆ ಸರಿಯುವಂತೆ ಮಾಡಿದ. ಅನಿಲದ ಒತ್ತಡ ಆಗ ತೋಟಾದ ಸಣ್ಣ ತಳದ ಮೇಲಷ್ಟೇ ಅಲ್ಲದೆ ಕೊಠಡಿಯ ಅಗಲವಾದ ಮುಖದ ಮೇಲೂ ಬೀಳುತ್ತದೆ. ಪುಟ್ಟ .22 ದೊಡ್ಡ ಸ್ಲೈಡನ್ನು ತಳ್ಳಿತು, ಕೈಗೆ .45ನ್ನು ನೆನಪಿಸುವ ಒದೆತವೂ ಸಿಕ್ಕಿತು. ಸರ್ವೀಸ್ ಏಸ್ ಪಿಸ್ತೂಲು ಮತ್ತು ಕೋಲ್ಟಿನ ಕನ್ವರ್ಶನ್ ಯೂನಿಟ್ ಎರಡೂ ಇದರ ಮೇಲೆಯೇ ನಿಂತವು. ಆದರೆ ಸರಿಯುವ ಕೊಠಡಿಯ ಸಂದಿನಲ್ಲಿ ಸೀಸವೂ ಮಸಿಯೂ ಬೇಗ ತುಂಬಿಕೊಳ್ಳುತ್ತಿದ್ದವು, ಉಜ್ಜಿ ತೊಳೆಯುವ ಕೆಲಸ ದೊಡ್ಡದಾಗಿತ್ತು. ಇಂಥ ಒಳ್ಳೆಯ ಕಲ್ಪನೆ ಇಂದಿನ ಕಿಟ್‌ಗಳಲ್ಲಿ ಕಾಣದಿರುವುದಕ್ಕೆ ಅದೂ ಒಂದು ಕಾರಣವೆಂದು ನನಗನಿಸುತ್ತದೆ.

ಎಲ್ಲ ಕಿಟ್‌ಗಳೂ ಒಂದೇ ಅಲ್ಲ ಎಂಬುದನ್ನು ಒತ್ತಿ ಹೇಳಬೇಕು. ಸಿಝಡ್ 75ಕ್ಕೆ ಬರುವ ಕೆಡೆಟ್ ಕಿಟ್ ಉಕ್ಕಿನದು. ಅದರ ಮುಂಭಾಗ, ಬ್ಯಾರೆಲ್, ಗುರಿಕಣ್ಣುಗಳು ಅಲುಗಾಡುವುದೇ ಇಲ್ಲ. ಹಿಂದಿನ ತುಂಡಷ್ಟೇ ಹಿಂದೆ ಮುಂದೆ ಓಡಾಡುತ್ತದೆ. ಬ್ಯಾರೆಲ್ಲೂ ಗುರಿಕಣ್ಣೂ ಒಂದಕ್ಕೊಂದು ಕದಲದಿದ್ದರೆ ಗುಂಡುಗಳು ಒತ್ತೊತ್ತಾಗಿ ಬೀಳುತ್ತವೆ. 1911ಕ್ಕೆ ಬರುವ ಮಾರ್ವೆಲ್ ಯೂನಿಟ್ಟಿನ ಒಳಗುಟ್ಟೂ ಇದೇ. ಅಮೆರಿಕದ ಬುಲ್ಸ್‌ಐ ಸ್ಪರ್ಧೆಯಲ್ಲಿ ಒಬ್ಬ ಸ್ಪರ್ಧಿ .22, ಸೆಂಟರ್‌ಫೈರ್, .45 ಮೂರರಲ್ಲೂ 90 ಗುಂಡಿನಂತೆ 270 ಗುಂಡು ಹಾರಿಸಿ 2,700 ಅಂಕಕ್ಕೆ ಸೆಣಸುತ್ತಾನೆ. ಒಂದೇ 1911ರ ಹಿಡಿ, ಒಂದೇ ಟ್ರಿಗರಿನಲ್ಲಿ .22 ಸುತ್ತನ್ನೂ ಮುಗಿಸಬಹುದು ಎಂಬುದು ಅಂಥವರಿಗೆ ದೊಡ್ಡ ಲಾಭ. ಕಿಟ್ ಅಲ್ಲಿ ತನ್ನ ಸರಿಯಾದ ಜಾಗದಲ್ಲಿದೆ.

ಇನ್ನು ಹುಟ್ಟು .22ಗಳು. ಇವುಗಳಲ್ಲಿ ಎರಡು ಕುಲ. ರೂಗರ್ ಮಾರ್ಕ್ 4, ಬ್ರೌನಿಂಗ್ ಬಕ್ ಮಾರ್ಕ್, ಸ್ಮಿತ್ ಆ್ಯಂಡ್ ವೆಸನ್ ವಿಕ್ಟರಿ ಇವು ಗುರಿಯ ಪಿಸ್ತೂಲುಗಳು. ಬ್ಯಾರೆಲ್ ಸ್ಥಿರ, ಒಳಗಿನ ಬೋಲ್ಟ್ ಅಥವಾ ಹಿಂದಿನ ಸ್ಲೈಡ್ ಮಾತ್ರ ಚಲಿಸುತ್ತದೆ. ರೂಗರ್ ಕಂಪನಿ ಹುಟ್ಟಿದ್ದೇ 1949ರಲ್ಲಿ ಇಂಥ .22 ಪಿಸ್ತೂಲಿನಿಂದ. ಅದರ ಹಳೆಯ ಮಾದರಿಗಳನ್ನು ಬಿಚ್ಚಿ ಜೋಡಿಸುವುದು ದೊಡ್ಡ ತಲೆನೋವಾಗಿತ್ತು. 2016ರ ಮಾರ್ಕ್ 4ರಲ್ಲಿ ಹಿಂದಿನ ಒಂದು ಗುಂಡಿ ಒತ್ತಿದರೆ ಮೇಲ್ಭಾಗ ತೆರೆದುಕೊಳ್ಳುತ್ತದೆ. ಎರಡನೆಯ ಕುಲ ದೊಡ್ಡ ಪಿಸ್ತೂಲುಗಳ ರೂಪದವು: ಗ್ಲಾಕ್ 19ರ ಅಳತೆಯಲ್ಲೇ ಬಂದ ಗ್ಲಾಕ್ 44, ಟಾರಸ್ ಟಿಎಕ್ಸ್22, ಸಿಗ್ ಪಿ322. ಕಿಟ್ ಕೊಡುವ ಅನುಕೂಲದ ಬಹುಪಾಲನ್ನು ಇವು ಕೊಡುತ್ತವೆ. ಸ್ಲೈಡು, ಸ್ಪ್ರಿಂಗು, ಮ್ಯಾಗಜೀನ್ ಎಲ್ಲವೂ .22ಕ್ಕೆಂದೇ ಒಟ್ಟಿಗೆ ರೂಪುಗೊಂಡಿರುವುದರಿಂದ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಕಡಿಮೆ.

ಯಾವುದನ್ನು ಆರಿಸಬೇಕು ಎಂಬುದು ಏನನ್ನು ಕಲಿಯಬೇಕು ಎಂಬುದರ ಮೇಲೆ ನಿಂತಿದೆ. ಪಿಸ್ತೂಲು ಕಲಿಯುವವರ ದೊಡ್ಡ ಶತ್ರು ಬೆಚ್ಚುವಿಕೆ. ಸದ್ದು, ಒದೆತ ಬರುತ್ತದೆಂದು ಮೈಗೆ ಮೊದಲೇ ಗೊತ್ತಾಗಿ, ಟ್ರಿಗರ್ ಒತ್ತುವ ಆ ಗಳಿಗೆಯಲ್ಲಿ ಕೈ ತಾನಾಗಿ ನಳಿಗೆಯನ್ನು ಕೆಳಕ್ಕೆ ನೂಕುತ್ತದೆ. ಗುಂಡು ಗುರಿಯ ಕೆಳಗೆ ಹೋಗುತ್ತದೆ. 9 ಮಿ.ಮೀ.ನಲ್ಲೇ ಕಲಿಯಲು ಹೊರಟವರಲ್ಲಿ ಹಲವರು ಈ ಚಟವನ್ನು ಮೈಗೂಡಿಸಿಕೊಂಡುಬಿಡುತ್ತಾರೆ, ಆಮೇಲೆ ಬಿಡಿಸುವುದು ಬಹಳ ಕಷ್ಟ. .22ರಲ್ಲಿ ಬೆಚ್ಚುವಂಥದ್ದು ಏನೂ ಇಲ್ಲ. ಗುರಿಕಣ್ಣು ಹೊಂದಿಸುವುದು, ಟ್ರಿಗರನ್ನು ನೇರ ಹಿಂದಕ್ಕೆ ಒತ್ತುವುದು, ಗುಂಡು ಹಾರಿದ ಮೇಲೂ ಗುರಿಯ ಮೇಲೆ ಕಣ್ಣಿಟ್ಟಿರುವುದು, ಇವು ಶಾಂತವಾಗಿ ಒಳಗಿಳಿಯುತ್ತವೆ. ಈ ಪಾಠಕ್ಕೆ ನಿಮ್ಮದೇ ಪಿಸ್ತೂಲಿನ ಹಿಡಿ ಬೇಕಿಲ್ಲ. ಬೇಕಾದದ್ದು ಒಳ್ಳೆಯ ಟ್ರಿಗರು, ಸ್ಥಿರ ಬ್ಯಾರೆಲ್ಲು, ಸಿಕ್ಕಿಕೊಳ್ಳದೆ ಓಡುವ ಯಂತ್ರ. ಹತ್ತು ಗುಂಡಿಗೊಮ್ಮೆ ಸಿಕ್ಕಿಕೊಳ್ಳುವ ಕಿಟ್ ಹಿಡಿದ ಹೊಸಬರು ಕಲಿಯುವುದು ತಾಳ್ಮೆಗೆಡುವುದನ್ನು ಮಾತ್ರ.

ಹಾಗಾಗಿ ಹೊಸಬರಿಗೆ, ಮನೆಯಲ್ಲಿ ಇನ್ನೊಬ್ಬರಿಗೂ ಕಲಿಸಬೇಕೆನ್ನುವವರಿಗೆ ನನ್ನ ಮಾತು ಒಂದೇ: ಮಾರ್ಕ್ 4 ಅಥವಾ ಬಕ್ ಮಾರ್ಕ್ ಥರದ ಪಿಸ್ತೂಲು ಕೊಳ್ಳಿ. ಇಬ್ಬರು ಹೋದರೆ ಎರಡು ಪಿಸ್ತೂಲು ಇರುತ್ತವೆ. ಮನೆಯ ರಕ್ಷಣೆಗೆಂದು ಇಟ್ಟ 9 ಮಿ.ಮೀ. ತನ್ನ ರೂಪದಲ್ಲೇ ಉಳಿಯುತ್ತದೆ. ರೇಂಜಿನಿಂದ ಬಂದು ಕಿಟ್ ಕಳಚಲು ಮರೆತು, ಬೇಕಾದಾಗ ಅದು .22 ಆಗಿರುವ ಅಪಾಯವಿಲ್ಲ. ಒರೆಯಿಂದ ತೆಗೆಯುವುದು, ಎರಡು ಗುರಿಗಳ ನಡುವೆ ಕೈ ಹೊರಳಿಸುವುದು, ನಿಮ್ಮದೇ ಟ್ರಿಗರಿನ ಸೆಳೆತ, ಇವುಗಳ ಸಾವಿರ ಪುನರಾವರ್ತನೆ ಬೇಕೆನ್ನುವ ಪಳಗಿದವರಿಗೆ ಕಿಟ್ ಒಗ್ಗುತ್ತದೆ. ಅವರೂ ಪ್ರತಿ ಸಲ ಕೊನೆಗೆ ಒಂದಷ್ಟು 9 ಮಿ.ಮೀ. ಹಾರಿಸಲೇಬೇಕು. ಒದೆತವನ್ನು ತಡೆದು ಮುಂದಿನ ಗುಂಡಿಗೆ ಸಿದ್ಧವಾಗುವುದನ್ನು ಯಾವ .22 ಕೂಡ ಕಲಿಸುವುದಿಲ್ಲ. ಸ್ಲೈಡಿನ ಮೇಲೆ ರೆಡ್ ಡಾಟ್, ಅಂದರೆ ಕೆಂಪು ಚುಕ್ಕೆ ತೋರುವ ಗುರಿಗಾಜು, ಇಟ್ಟುಕೊಂಡವರು ಕಿಟ್ಟಿನ ಸ್ಲೈಡಿಗೆ ಅದನ್ನು ಕೂರಿಸಲು ಜಾಗವಿದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಬಿಚ್ಚುವಾಗಿನ ಎಚ್ಚರ ಬೇರೆ ಮಾತು. ಗ್ಲಾಕಿನ ಸ್ಲೈಡು ತೆಗೆಯಲು ಮೊದಲು ಟ್ರಿಗರ್ ಒತ್ತಲೇಬೇಕು. ಮ್ಯಾಗಜೀನ್ ತೆಗೆದು, ಸ್ಲೈಡು ಎಳೆದು, ಕೊಠಡಿ ಖಾಲಿಯೆಂದು ಕಣ್ಣಿಂದಲೂ ಬೆರಳಿಂದಲೂ ಖಾತ್ರಿ ಮಾಡಿಕೊಳ್ಳದೆ ಒತ್ತಿದರೆ ಅನಾಹುತ. ಕಿಟ್ ಇದ್ದವರು ಈ ಕೆಲಸವನ್ನು ಪದೇ ಪದೇ ಮಾಡುತ್ತಾರೆ, ಆದ್ದರಿಂದ ತಪ್ಪಿಗೆ ಅವಕಾಶವೂ ಹೆಚ್ಚು. ರಿಮ್‌ಫೈರನ್ನು ಖಾಲಿ ಇಟ್ಟುಕೊಂಡು ಟ್ರಿಗರ್ ಒತ್ತುವ ಅಭ್ಯಾಸವನ್ನೂ ಕೈಪಿಡಿ ಒಪ್ಪಿದರೆ ಮಾತ್ರ ಮಾಡಿ. ಕೆಲವು ಮಾದರಿಗಳಲ್ಲಿ ಪಿನ್ ಕೊಠಡಿಯ ಅಂಚಿಗೇ ಬಡಿದು ಅದನ್ನು ಹಾಳುಮಾಡುತ್ತದೆ.

ಕಾನೂನಿನಲ್ಲಿ ಕಿಟ್ಟಿಗೊಂದು ಅನುಕೂಲವಿದೆ. 1968ರ ಗನ್ ಕಂಟ್ರೋಲ್ ಕಾಯಿದೆಯ ಕಣ್ಣಿನಲ್ಲಿ ಕ್ರಮಸಂಖ್ಯೆ ಇರುವ ಚೌಕಟ್ಟೇ ಬಂದೂಕು. ಚೌಕಟ್ಟಿಲ್ಲದ ಕಿಟ್ ಬಂದೂಕಲ್ಲ, ಕೇಂದ್ರ ಕಾನೂನಿನ ಮಟ್ಟಿಗೆ ನೇರ ಮನೆಗೆ ತರಿಸಬಹುದು. ನ್ಯೂಜೆರ್ಸಿಯಲ್ಲಿ ಪ್ರತಿ ಪಿಸ್ತೂಲಿಗೂ ಬೇರೆ ಪರವಾನಗಿ ಬೇಕು, ನ್ಯೂಯಾರ್ಕಿನಲ್ಲಿ ಪ್ರತಿಯೊಂದೂ ಲೈಸೆನ್ಸಿನಲ್ಲಿ ನಮೂದಾಗಬೇಕು; ಅಲ್ಲಿರುವವರಿಗೆ ಈ ಅನುಕೂಲ ತೂಗುತ್ತದೆ. ಆದರೆ ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿರುವ ನಮ್ಮವರು ಒಂದನ್ನು ತಿಳಿದಿರಲೇಬೇಕು. ಅಲ್ಲಿನ ರಾಜ್ಯವೊಂದರ ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದಿದ್ದರೆ ಅವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಕೇಂದ್ರ ಅಪರಾಧ. ಕಿಟ್ ಬಂದೂಕಲ್ಲ ಎಂಬ ಮಾತು ಇಲ್ಲಿ ರಕ್ಷಿಸುವುದಿಲ್ಲ. ಗೆಳೆಯನ ಜೊತೆ ರೇಂಜಿಗೆ ಹೋಗುವ ಮೊದಲೂ ವಕೀಲರನ್ನು ಕೇಳಿ. ಭಾರತದಲ್ಲಂತೂ 1959ರ ಆಯುಧ ಕಾಯಿದೆ ಬಿಡಿಭಾಗಗಳನ್ನೂ ಆಯುಧವೆಂದೇ ಎಣಿಸುತ್ತದೆ, 9 ಮಿ.ಮೀ. ಪಿಸ್ತೂಲು ಸಾಮಾನ್ಯರಿಗೆ ನಿಷಿದ್ಧ. ಅಮೆರಿಕದಲ್ಲಿ ಕೊಂಡ ಕಿಟ್ಟನ್ನು ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಹಾಕಿಕೊಳ್ಳುವ ಯೋಚನೆಯೇ ಬೇಡ.

ಕೊಂಡ ಮೇಲೆ ಮೊದಲ ದಿನವೇ 500 ತೋಟಾದ ಪೆಟ್ಟಿಗೆ ತರಬೇಡಿ. ಒಂದೇ ಮಾದರಿಯ ಎರಡು ಪಿಸ್ತೂಲುಗಳಿಗೆ ಎರಡು ಬೇರೆ ಬ್ರ್ಯಾಂಡು ಒಗ್ಗುವುದು .22ರಲ್ಲಿ ಮಾಮೂಲು. ಸಿಸಿಐ ಮಿನಿ-ಮ್ಯಾಗಿನಿಂದ ಶುರುಮಾಡಿ ಮೂರು ನಾಲ್ಕು ಬಗೆಯ ಸಣ್ಣ ಡಬ್ಬಿ ತನ್ನಿ. ಒಂದೊಂದರಲ್ಲೂ ನೂರು ಹಾರಿಸಿ, ಎಷ್ಟು ಸಿಕ್ಕಿಕೊಂಡವು, ಎಷ್ಟು ಹಾರಲಿಲ್ಲ ಎಂದು ಬರೆದಿಡಿ. ತೋಟಾದ ಮೇಲಿನ ಮೇಣ ಮತ್ತು ಸೀಸ ಬೆರಳಿಗೆ ಹತ್ತುತ್ತವೆ, ಏನನ್ನಾದರೂ ತಿನ್ನುವ ಮೊದಲು ಸೋಪು ಹಾಕಿ ತಣ್ಣೀರಲ್ಲಿ ಕೈ ತೊಳೆಯಿರಿ. ಚೆನ್ನಾಗಿ ಓಡಿದ ಬ್ರ್ಯಾಂಡನ್ನೇ ಮುಂದೆ ಸಗಟಾಗಿ ಕೊಳ್ಳಿ. 2013ರಲ್ಲಿ ಅಮೆರಿಕದ ಅಂಗಡಿಗಳಲ್ಲಿ .22 ತೋಟಾ ಕಾಣದಂತಾಗಿತ್ತು, ಆದ್ದರಿಂದ ಕೆಲವು ತಿಂಗಳಿಗೆ ಆಗುವಷ್ಟು ಮನೆಯಲ್ಲಿ ಬೀಗ ಹಾಕಿಟ್ಟಿರುವುದು ಒಳ್ಳೆಯದು.