ಮನೆ ಕಟ್ಟಿದ ಮೇಲೆ ಊರು ಕಟ್ಟುವುದು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. ಅಲ್ಲಿಯ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರೆಂಬುದು ಪಠ್ಯಪುಸ್ತಕದ ಮಾತು. ಆದರೆ ಆ ಶಾಸನ ಆರಂಭವಾಗುವ ರೀತಿಯನ್ನು ಗಮನಿಸಿದವರು ವಿರಳ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲವೆಂಬ ಸ್ಥಳದ ಮಹಾಮಾತ್ರರಿಗೆ ಮೊದಲು ಆರೋಗ್ಯವನ್ನು ಹಾರೈಸಿ, ಅನಂತರ ಚಕ್ರವರ್ತಿಯ ಮಾತನ್ನು ತಿಳಿಸುತ್ತಾರೆ. ತಂದೆತಾಯಿಗಳ ಸೇವೆ, ಜೀವಿಗಳಲ್ಲಿ ದಯೆ, ಸತ್ಯ, ಗುರುಗಳಲ್ಲಿ ಗೌರವ, ಬಂಧುಗಳೊಡನೆ ಯೋಗ್ಯವಾದ ನಡವಳಿಕೆ ಎಂಬಿವು ಅದರ ಸಾರ. ಪ್ರಭುವಿನ ಉದ್ದೇಶ ಎಷ್ಟೇ ಉದಾತ್ತವಾಗಿರಲಿ, ಅದು ಪ್ರಜೆಯ ಮನೆಬಾಗಿಲನ್ನು ಮುಟ್ಟಬೇಕಾದರೆ ಸ್ಥಳದಲ್ಲಿ ಅದನ್ನು ನಡೆಸಿಕೊಡುವವರಿರಬೇಕು ಎಂಬ ತಿಳಿವು ಆ ಒಕ್ಕಣೆಯಲ್ಲಿಯೇ ಇದೆ.

ಬಡವರಿಗೆ ಸೂರು ಒದಗಿಸುವುದು ನಮ್ಮ ಕಾಲದ ಪ್ರಭುತ್ವದ ದೊಡ್ಡ ಉದ್ದೇಶಗಳಲ್ಲೊಂದು. 1985ರಲ್ಲಿ ಇಂದಿರಾ ಆವಾಸ್ ಯೋಜನೆ ಬಂದಿತು. 1991-92ರಲ್ಲಿ ಕರ್ನಾಟಕದ ಆಶ್ರಯ ಯೋಜನೆ ಬಂದಿತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪಿತವಾಯಿತು. ಮನೆಯ ಹಣವನ್ನು ತಳಪಾಯ, ಗೋಡೆ, ಛಾವಣಿ, ಮುಕ್ತಾಯ ಎಂಬ ನಾಲ್ಕು ಹಂತಗಳಲ್ಲಿ ಕೊಡುವುದು ನಿಗಮದ ಪದ್ಧತಿ. ಹಂತಹಂತಕ್ಕೂ ಛಾಯಾಚಿತ್ರ ಬೇಕು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಎಚ್ಚರಿಸಿದ ನಮ್ಮ ಹಿರಿಯರಿಗೆ ಈ ನಾಲ್ಕು ಹಂತಗಳ ಕಷ್ಟ ಗೊತ್ತಿತ್ತು. ಆದರೆ ನಾಲ್ಕನೆಯ ಛಾಯಾಚಿತ್ರದೊಡನೆ ಕಡತ ಮುಗಿಯುವಲ್ಲಿಯೇ ಸಂಸಾರ ಆರಂಭವಾಗುತ್ತದೆ. ನೀರು ಎಲ್ಲಿಂದ? ಮಗುವಿಗೆ ಅಂಗನವಾಡಿ ಎಷ್ಟು ದೂರ? ಕಸುಬಿಗೆ ಸಾಲ ಕೊಡುವವರಾರು? ರಾತ್ರಿ ಜ್ವರ ಬಂದರೆ ಯಾರ ಕದವನ್ನು ತಟ್ಟಬೇಕು? ಈ ಐದನೆಯ ಹಂತಕ್ಕೆ ಕಡತವಿಲ್ಲ.

ಮೊಳಕಾಲ್ಮೂರಿನ ನೇಕಾರನ ಮನೆಯನ್ನೇ ನೋಡಬಹುದು. ಈ ಊರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಸೀರೆಯ ಕೀರ್ತಿ ದೊಡ್ಡದು. ಅದು ಹುಟ್ಟುವ ಜಾಗ ಚಿಕ್ಕದು. ಗುಂಡಿ ಮಗ್ಗಕ್ಕೆ ನೆಲದಲ್ಲಿ ತೋಡು ಬೇಕು, ಬೆಳಕು ಬೇಕು, ಮಳೆಗಾಲದಲ್ಲಿ ತೇವವೇರದ ನೆಲ ಬೇಕು. ಒಂದು ಕೋಣೆ, ಒಂದು ಅಡುಗೆಮನೆಯ ನಕ್ಷೆಯಲ್ಲಿ ಮಗ್ಗಕ್ಕೆ ಸ್ಥಳವಿಲ್ಲದಿದ್ದರೆ ಆ ಮನೆ ನೇಕಾರನಿಗೆ ಅರ್ಧ ಮನೆ. ಇದನ್ನರಿತೇ ನೇಕಾರರಿಗೆ ವಾಸಕ್ಕೂ ಮಗ್ಗಕ್ಕೂ ಒಟ್ಟಿಗೆ ಒದಗುವ ಮನೆಗಳನ್ನು ಕಟ್ಟಿಕೊಡುವ ಯೋಜನೆಗಳು ಬಂದವು. ಅದು ಒಳ್ಳೆಯ ಹೆಜ್ಜೆ. ಆದರೆ ನೇಯ್ಗೆ ಒಂದು ಮನೆಯೊಳಗೆ ಮುಗಿಯುವ ಕೆಲಸವಲ್ಲ. ಹಾಸನ್ನು ಉದ್ದಕ್ಕೆ ಎಳೆದು ಬಿಗಿಯಲು ಬೀದಿಯಷ್ಟು ಜಾಗ ಬೇಕು, ನೆರೆಯವರ ಕೈ ಬೇಕು. ನೂಲಿಗೂ ಮಾರಾಟಕ್ಕೂ ಸಹಕಾರ ಸಂಘ ಬೇಕು. ನೇಕಾರನನ್ನು ಅವನ ಬೀದಿಯಿಂದ ಕಿತ್ತು, ಎರಡು ಮೈಲಿಯಾಚೆ ಗಟ್ಟಿಯಾದ ಮನೆಯಲ್ಲಿ ಇರಿಸಿದರೆ ಸೂರು ದೊರೆಯಿತು, ಕಸುಬು ಕಳೆಯಿತು ಎಂದಾದೀತು.

ಊರೆಂಬುದು ಒಬ್ಬರ ಕೈಯಿಂದ ಆಗುವುದಲ್ಲವೆಂಬುದಕ್ಕೆ ಬ್ರಹ್ಮಗಿರಿಯ ನೆಲವೇ ಸಾಕ್ಷಿ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಇಲ್ಲಿ ಉತ್ಖನನ ನಡೆಸಿ, ಕಲ್ಲುಕೊಡಲಿಯ ಜನ, ಬೃಹತ್ ಶಿಲಾಸಮಾಧಿಗಳ ಜನ, ಅವರ ಅನಂತರ ಶಾತವಾಹನರ ಕಾಲದ ಜನ, ಹೀಗೆ ಒಂದರ ಮೇಲೊಂದು ಮೂರು ಸಂಸ್ಕೃತಿಗಳು ನೆಲೆಸಿದ್ದನ್ನು ತೋರಿಸಿದರು. ಆ ಸಮಾಧಿಗಳ ಕಣಶಿಲೆಯ ಚಪ್ಪಡಿಗಳನ್ನು ಒಂದು ಸಂಸಾರ ಎತ್ತಿ ನಿಲ್ಲಿಸುವುದು ಅಸಾಧ್ಯ. ಊರೇ ಹೆಗಲು ಕೊಟ್ಟಿರಬೇಕು. ಅದಕ್ಕೂ ಹಿಂದಿನ ಕಲ್ಲುಕೊಡಲಿಯ ಜನ ತೀರಿಕೊಂಡ ಹಸುಳೆಗಳನ್ನು ಮಡಕೆಗಳಲ್ಲಿಟ್ಟು ತಮ್ಮ ವಾಸದ ನೆಲೆಯಲ್ಲಿಯೇ ಹೂಳುತ್ತಿದ್ದರು. ಸತ್ತ ಕೂಸನ್ನೂ ಅವರು ಊರಿನಿಂದ ಹೊರಗೆ ಹಾಕಲಿಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಟ್ಟಿಗಳಲ್ಲಿ ಈ ಒಗ್ಗಟ್ಟು ಇಂದಿಗೂ ಜೀವಂತವಾಗಿದೆ. ನಾಡಿನಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೊಂದು. ಇಲ್ಲಿ ಮ್ಯಾಸನಾಯಕರ ಹಟ್ಟಿಗಳವರು ದೇವರ ಎತ್ತುಗಳ ಮಂದೆಯನ್ನು ಸಾಕುತ್ತಾರೆ. ಅವನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಮಂದೆಯನ್ನು ಕಾಯುವ ಕಿಲಾರಿಯ ಯೋಗಕ್ಷೇಮ ಸಮುದಾಯದ ಹೊಣೆ. ಬರ ಬಂದಾಗ ಮೇವಿನ ಚಿಂತೆಯೂ ಎಲ್ಲರದು. ಒಂದು ಕೆಲಸಕ್ಕೆ ಒಬ್ಬನನ್ನು ಗೊತ್ತುಮಾಡಿ, ಅವನ ಬದುಕನ್ನು ಎಲ್ಲರೂ ಹೊರುವ ಈ ಕ್ರಮದಲ್ಲಿ ಇಂದಿನ ಯೋಜನೆಗಳು ಕಲಿಯಬೇಕಾದ ಪಾಠವಿದೆ.

ಆದರೆ ಸಮುದಾಯವೆಂಬ ಮಾತಿಗೆ ಮರುಳಾಗುವುದೂ ಸಲ್ಲದು. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಹಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಸೂತಕವೆಂದು ಊರಾಚೆ ಇರಿಸುವ ವಾಡಿಕೆ ಉಳಿದುಬಂದಿದೆ. 2023ರ ಮಳೆಗಾಲದಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರ ಹೊರಗೆ ಗುಡಿಸಿಲಿನಲ್ಲಿದ್ದ ಬಾಣಂತಿಯ ಎಳೆಗೂಸು ತೀರಿಕೊಂಡಿತು. ಹೆಂಗಸರು ಅಲ್ಲಿ ಮಳೆಗಾಳಿಗೆ ಸಿಕ್ಕಬಾರದೆಂದು ಸರ್ಕಾರ ಕೆಲವು ಹಟ್ಟಿಗಳಲ್ಲಿ ಪ್ರತ್ಯೇಕ ಕಟ್ಟಡಗಳನ್ನು ಕಟ್ಟಿಸಿದ್ದುಂಟು. ಬಾಣಂತಿಯ ಸ್ವಂತ ಮನೆ ಹತ್ತು ಮಾರು ದೂರದಲ್ಲಿರುವಾಗ ಅವಳಿಗೆ ಮತ್ತೊಂದು ಕಟ್ಟಡ ಕಟ್ಟಿದರೆ ಆ ವಾಡಿಕೆಗೇ ಸೂರು ಹಾಕಿದಂತಾಗದೆ? ಇಲ್ಲಿ ಬೇಕಾದುದು ಇಟ್ಟಿಗೆಯಲ್ಲ. ಹಟ್ಟಿಯ ಹಿರಿಯರು, ಪೂಜಾರಿ, ಅತ್ತೆಯರು, ದಾದಿ, ಶಾಲೆಯ ಮೇಷ್ಟರು ಇವರೆಲ್ಲರನ್ನೂ ಕೂಡಿಸಿ, ಒಂದು ದಿನವಲ್ಲ, ವರ್ಷಗಟ್ಟಲೆ ಮಾತನಾಡುವ ತಾಳ್ಮೆ.

ಅಂಥ ಕೆಲಸಕ್ಕೆ ಮನುಷ್ಯರನ್ನು ನೇಮಿಸುವ ಯತ್ನ ನಡೆದೇ ಇಲ್ಲವೆನ್ನಲಾಗದು. 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಯ ಗ್ರಾಮಸೇವಕನ ಕಲ್ಪನೆ ಇದೇ: ಬೇಸಾಯ, ಆರೋಗ್ಯ, ಶಿಕ್ಷಣ ಎಲ್ಲಕ್ಕೂ ಹಳ್ಳಿಯವರು ಮೊದಲು ಕಾಣಬೇಕಾದ ಒಬ್ಬ ವ್ಯಕ್ತಿ. ಕ್ರಮೇಣ ಇಲಾಖೆಗಳು ಬೆಳೆದವು, ಕೆಲಸಗಾರರು ಹೆಚ್ಚಿದರು. 1975ರಿಂದ ಅಂಗನವಾಡಿ ಕಾರ್ಯಕರ್ತೆ, 2000ದಿಂದ ಸ್ತ್ರೀಶಕ್ತಿ ಸಂಘ, 2005ರಿಂದ ಆಶಾ ಕಾರ್ಯಕರ್ತೆ. ಒಬ್ಬೊಬ್ಬರೂ ಬೆವರು ಸುರಿಸಿ ದುಡಿಯುವವರೇ. ಆದರೆ ಒಬ್ಬೊಬ್ಬರ ವಹಿ ಬೇರೆ, ಮೇಲಧಿಕಾರಿ ಬೇರೆ. ಒಂದೇ ಮನೆಯ ಮಗು ಒಂದು ವಹಿಯಲ್ಲಿ, ತಾಯಿ ಇನ್ನೊಂದರಲ್ಲಿ, ಛಾವಣಿ ಮತ್ತೊಂದರಲ್ಲಿ. ಹಾಸಿನ ಎಳೆಗಳೆಲ್ಲ ಇವೆ. ಹೊಕ್ಕಿನ ಎಳೆ ಇಲ್ಲ. ಹೊಕ್ಕಿಲ್ಲದ ಹಾಸು ಬಟ್ಟೆಯಾಗದು.

ಹೊಕ್ಕು ಹೇಗೆ ಕೂಡುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. 1960ರಲ್ಲಿ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲವನ್ನು ಟಿಬೆಟ್ಟಿನ ನಿರಾಶ್ರಿತರಿಗಾಗಿ ಕೊಟ್ಟಿತು. ಕಾಡು ಕಡಿದು ಮನೆ ಕಟ್ಟಿದ್ದಷ್ಟೇ ಅಲ್ಲಿಯ ಕಥೆಯಲ್ಲ. ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಶಿಬಿರಕ್ಕೊಬ್ಬ ಮುಖಂಡ, ಎಲ್ಲವೂ ಜೊತೆಜೊತೆಯಾಗಿ ಬೆಳೆದವು. ಈ ಪುನರ್ವಸತಿಗೆ ನೆರವಾಗಲೆಂದೇ 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿತು. ಮುಂದೆ ಅದು ನಮ್ಮ ಹಳ್ಳಿಗಳ ಬಡವರ ನಡುವೆ ದುಡಿಯತೊಡಗಿದಾಗ ಮತ್ತೊಂದು ಪಾಠ ಕಲಿತಿತು. ದೊಡ್ಡ ಸಹಕಾರ ಸಂಘಗಳು ಬಿರುಕುಬಿಟ್ಟಲ್ಲಿ, 1984-85ರ ಸುಮಾರಿಗೆ, ಪರಸ್ಪರ ನಂಬಿಕೆಯಿದ್ದ ಚಿಕ್ಕ ಗುಂಪುಗಳು ತಾವಾಗಿಯೇ ಕೂಡಿ ಉಳಿತಾಯ, ಸಾಲಗಳನ್ನು ನಡೆಸಿಕೊಂಡವು. ನಬಾರ್ಡ್ ಬ್ಯಾಂಕು 1992ರಲ್ಲಿ ಇಂಥ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಜನರನ್ನು ಪಟ್ಟಿಯ ಕ್ರಮದಲ್ಲಿ ಕೂಡಿಸಿದರೆ ಸಮುದಾಯವಾಗುವುದಿಲ್ಲ. ನಂಬಿಕೆಯಿರುವಲ್ಲಿ ಹುಡುಕಿ, ಅದಕ್ಕೆ ಬಲ ಕೊಡಬೇಕು.

ಹೊಸ ಇಲಾಖೆಯೊಂದು ಬೇಕೆಂಬುದು ಈ ಮಾತಿನ ತಾತ್ಪರ್ಯವಲ್ಲ. ಕರ್ನಾಟಕದಲ್ಲಿ ಮನೆಯ ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆಯ ಕೆಲಸ. ಆ ದಿನ ಸಭೆ ತುಂಬಿರುತ್ತದೆ. ಯಾರಿಗೆ ಮನೆ ಬಂತು, ಯಾರಿಗೆ ತಪ್ಪಿತು ಎಂಬ ಗದ್ದಲವೂ ಇರುತ್ತದೆ. ಮನೆ ಮುಗಿದು ಒಂದು ವರ್ಷವಾದ ಮೇಲೆ ಅದೇ ಸಭೆ ಅದೇ ಸಂಸಾರಗಳಿಗಾಗಿ ಮತ್ತೊಮ್ಮೆ ಸೇರಲಿ. ದಾದಿ, ಅಂಗನವಾಡಿ ಕಾರ್ಯಕರ್ತೆ, ಸಹಕಾರ ಸಂಘದ ಕಾರ್ಯದರ್ಶಿ, ಶಾಲೆಯ ಮೇಷ್ಟರು ತಮ್ಮ ತಮ್ಮ ವಹಿಗಳನ್ನು ಒಂದೇ ಜಮಖಾನದ ಮೇಲೆ ಬಿಚ್ಚಲಿ. ಮಗ್ಗ ನಡೆಯುತ್ತಿದೆಯೆ, ನಲ್ಲಿಯಲ್ಲಿ ನೀರು ಬರುತ್ತಿದೆಯೆ, ಬಾಣಂತಿ ಒಳಗಿದ್ದಾಳೆಯೆ ಎಂದು ಕೇಳಲಿ. ಉತ್ತರ ಹೇಳುವವರು ಮನೆಯಲ್ಲಿ ವಾಸಿಸುವವರೇ ಆಗಲಿ, ಅವರಲ್ಲಿಯೂ ಹೆಂಗಸರು ಮೊದಲಾಗಲಿ. ಇಸಿಲದವರಿಗೆ ಒಕ್ಕಣೆ ಬರೆದವರು ಅಪ್ಪಣೆಗೆ ಮುಂಚೆ ಆರೋಗ್ಯದ ಮಾತನ್ನಾಡಿದ್ದರು. ಸೂರು ಕೊಟ್ಟವರು ಅದನ್ನು ಕೊಟ್ಟ ಮೇಲಾದರೂ ಆಡಬಹುದು.